ಇನ್ಸುಲಿನ್‌ಗೆ ಹಾಸ್ಟೆಲ್ ದಾಖಲಾತಿ

ಕಾಲಿನ ಹೆಬ್ಬೆರಳಿಗಾದ ಗಾಯ ಎರಡು ತಿಂಗಳಾದರೂ ಮಾಯದಿದ್ದಾಗ ಡಾಕ್ಟರು ಅತ್ತೆಯ ಮುಂದೆ ಎರಡೇ ಮಾತು ಇಟ್ಟರು. ಸಕ್ಕರೆ ಕಾಯಿಲೆಗೆ ಮಾತ್ರೆಗಳ ಕಾಲ ಮುಗಿಯಿತು. ಇನ್ಸುಲಿನ್ ತೆಗೆದುಕೊಳ್ಳಿ, ಇಲ್ಲವೇ ಬೆರಳಿನ ಆಸೆ ಬಿಡಿ. ಬೆರಳಿಗೇ ನಿಂತರೆ ಪುಣ್ಯ, ಪಾದವನ್ನೂ ಕೇಳಬಹುದು ಎಂದು ಮೂರನೆಯ ಮಾತನ್ನು ಹೊರಗೆ ಬಂದು ಮಗ ಸೊಸೆಯರ ಕಿವಿಯಲ್ಲಿ ಹೇಳಿದರು.

ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಸೂಜಿಯ ಭಯವೇ ಎಂದರೆ ಅದೂ ಅಲ್ಲ. ಆಕೆ ಮೂವತ್ತೆರಡು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವರು. ಯಾರು, ಎಲ್ಲಿಯವರು, ಸ್ಥಳೀಯ ಪೋಷಕರು ಯಾರು, ಈ ಮೂರಕ್ಕೆ ಉತ್ತರವಿಲ್ಲದೆ ಆ ಗೇಟಿನೊಳಗೆ ಬೆಕ್ಕೂ ಕಾಲಿಟ್ಟಿರಲಿಲ್ಲ. ನಿವೃತ್ತಿಯ ದಿನ ಹಾಸ್ಟೆಲಿನವರು ಗೋಡೆ ಗಡಿಯಾರ ಕೊಟ್ಟರು. ಆಕೆ ತಾನಾಗಿ ಒಂದು ಖಾಲಿ ರಿಜಿಸ್ಟರನ್ನೂ ತಂದರು. ಗೇಟು ಹೋಯಿತು, ಕಾವಲು ಹೋಗಲಿಲ್ಲ. ಸೊಸೆ ಕೆಲಸದಿಂದ ಹತ್ತು ನಿಮಿಷ ತಡವಾಗಿ ಬಂದರೆ ಬಾಗಿಲಲ್ಲೇ ವಿಚಾರಣೆ. ಊಟಕ್ಕೆ ಕುಳಿತರೆ ಮೊದಲ ತುತ್ತಿಗೇ ಉಪ್ಪಿನ ತೀರ್ಪು. ಮನೆಯಲ್ಲಿ ಜಗಳ ಶುರುವಾಗುವ ವಾಸನೆ ಬಂದರೆ ಸಾಕು, ಕನ್ನಡಕದ ಅಂಗಡಿ ಇಟ್ಟಿದ್ದ ಮಗ ತನ್ನ ಕನ್ನಡಕ ತೆಗೆದು ಒರೆಸಲು ಶುರು ಮಾಡುತ್ತಿದ್ದ. ಊರಿಗೆಲ್ಲ ಕಣ್ಣು ಕಾಣಿಸುವ ಪುಣ್ಯಾತ್ಮನಿಗೆ ಆ ಹೊತ್ತಿನಲ್ಲಿ ಅಮ್ಮನೂ ಕಾಣರು, ಹೆಂಡತಿಯೂ ಕಾಣಳು.

ತಮಾಷೆಯೆಂದರೆ, ಸೊಸೆ ಇನ್ಸುಲಿನ್ ಕಾರ್ಖಾನೆಯಲ್ಲೇ ಆಪರೇಟರ್. ಮೂರನೇ ನಂಬರಿನ ಟ್ಯಾಂಕು ಆಕೆಯದು. ಎರಡಾಳೆತ್ತರದ ಉಕ್ಕಿನ ಆ ಹಂಡೆಯಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾಗಳನ್ನು ಸಾಕುವುದು ಆಕೆಯ ಕೆಲಸ. ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಳ್ಳಬೇಕು. ಮೈ ಬೆಚ್ಚಗಿರಬೇಕು, ಗಾಳಿ ಆಡುತ್ತಿರಬೇಕು, ಸಕ್ಕರೆ ನೀರನ್ನು ಅಳೆದು ಅಳೆದು ಕೊಡಬೇಕು. ಹೆಚ್ಚಾದರೆ ಹೊಟ್ಟೆಬಾಕಗಳು ತಿಂದು ತಿಂದು ಹುಳಿ ಬಿಟ್ಟು, ತಮ್ಮ ಹುಳಿಯಲ್ಲೇ ತಾವು ಸೊರಗುತ್ತವೆ. ನೊರೆ ಉಕ್ಕಿದರೆ ಔಷಧಿ ಬಿಟ್ಟು ಇಳಿಸಬೇಕು. ಮಾಡಿದ್ದನ್ನೆಲ್ಲ ಆಯಾ ನಿಮಿಷಕ್ಕೇ ಬರೆದು ಸಹಿ ಹಾಕಬೇಕು.

ಹೀಗಾಗಿ ಅತ್ತೆಯನ್ನು ಒಪ್ಪಿಸುವ ಹೊಣೆ ಆಕೆಯ ತಲೆಗೇ ಬಂತು. ಆಕೆಯೂ ಉತ್ಸಾಹದಿಂದ ನಿಜ ಹೇಳಹೊರಟಳು. ನಿಜ ಹೇಳುವಾಗ ಅಷ್ಟೊಂದು ಉತ್ಸಾಹ ಒಳ್ಳೆಯದಲ್ಲ.

"ಇನ್ಸುಲಿನ್ ಮಾಡೋದು ಹೇಗೆ ಅಂತ ಮನುಷ್ಯರ ಮೈಯೊಳಗೆ ಒಂದು ಪಾಠ ಇರುತ್ತೆ ಅತ್ತೆ. ಅದಕ್ಕೆ ಜೀನ್ ಅಂತಾರೆ. ಆ ಪಾಠಾನ ಬ್ಯಾಕ್ಟೀರಿಯಾದೊಳಗೆ ಇಟ್ಟುಬಿಡ್ತಾರೆ. ಅದು ಇದೂ ತನ್ನದೇ ಕೆಲಸ ಅಂದ್ಕೊಂಡು ಮಾಡ್ತಾ ಹೋಗುತ್ತೆ. ಆಮೇಲೆ ಬ್ಯಾಕ್ಟೀರಿಯಾನೆಲ್ಲ ಒಡೆದು, ಸೋಸಿ ಸೋಸಿ, ಬರೀ ಇನ್ಸುಲಿನ್ ಉಳಿಸ್ತಾರೆ. ನಿಮಗೆ ಬರೋ ಔಷಧದಲ್ಲಿ ಬ್ಯಾಕ್ಟೀರಿಯಾ ಇರೋದೇ ಇಲ್ಲ."

"ಬ್ಯಾಕ್ಟೀರಿಯಾ ಇದ್ರೂ ಇರಲಿ ಬಿಡು," ಎಂದರು ಅತ್ತೆ. "ಹಾಸ್ಟೆಲಿನ ನೀರಿನ ಟ್ಯಾಂಕಿನೊಳಗೆ ಇಣುಕಿದವಳು ನಾನು. ಆ ಜೀನ್ ಅಂದ್ಯಲ್ಲ, ಅದು ಯಾರದು?"

"ಯಾರದು ಅಂದ್ರೆ... ಯಾರದೂ ಅಂತ..."

"ಅಪ್ಪನ ಮೂಗು, ಅಮ್ಮನ ಕೋಪ ಮಕ್ಕಳಿಗೆ ಬರೋದು ಅದರಿಂದಾನೇ ತಾನೇ? ಯಾರೋ ಏನೋ, ಕುಡುಕನೋ ಕಳ್ಳನೋ! ಹೆಸರು ದೆಸೆ ಇಲ್ಲದವರ ಗುಣವನ್ನ ದಿನಾ ಎರಡು ಸಲ ನನ್ನ ಹೊಟ್ಟೆಗೆ ಚುಚ್ತೀಯಾ? ಮೂವತ್ತೆರಡು ವರ್ಷ ಯಾರನ್ನೂ ಹಾಗೆ ಒಳಗೆ ಬಿಟ್ಟವಳಲ್ಲ ನಾನು."

ಮೂರು ದಿನ ಕಳೆಯಿತು. ಮಗ ಮೂರು ದಿನವೂ ಕನ್ನಡಕ ಒರೆಸಿದ. ನಾಲ್ಕನೆಯ ಬೆಳಗ್ಗೆ ಡ್ರೆಸ್ಸಿಂಗ್ ಬದಲಿಸುವಾಗ ಬೆರಳಿನ ಅಂಚು ಕಪ್ಪಾಗುತ್ತಿದ್ದುದು ಸೊಸೆಯ ಕಣ್ಣಿಗೆ ಬಿತ್ತು. ಆಕೆಗೆ ಅತ್ತೆಯ ಮೇಲೆ ಎಷ್ಟೇ ಸಿಟ್ಟಿದ್ದರೂ ಆ ಪಾದದ ಮೇಲೆ ಸಿಟ್ಟಿರಲಿಲ್ಲ. ಹೆದರಿಕೆಯಾಯಿತು, ನಿಜವಾದ ಹೆದರಿಕೆ. ಆ ಹೆದರಿಕೆಯಲ್ಲೇ ಬಾಯಿಂದ ಸುಳ್ಳು ಜಾರಿತು.

"ವಿಚಾರಿಸ್ದೆ ಅತ್ತೆ. ಜೀನ್ ಕೊಟ್ಟವರು ಒಬ್ಬ ದೊಡ್ಡ ಮನುಷ್ಯರಂತೆ. ಹೆಂಗಸು. ತುಂಬ ಒಳ್ಳೆಯವರಂತೆ."

ಅತ್ತೆ ಕನ್ನಡಕ ಏರಿಸಿದರು. "ಒಳ್ಳೆಯವರು ಅಂದ್ರೆ ಹೇಗೆ? ವಿವರ ಬೇಕು."

ವಿವರ! ಸೊಸೆ ಅಡುಗೆಮನೆಯ ಗೋಡೆ ನೋಡಿದಳು, ಅತ್ತೆಯ ಮುಖ ನೋಡಿದಳು. ಆ ಮುಖ ನೋಡುತ್ತಿದ್ದಂತೆ ಒಳ್ಳೆಯತನದ ವಿವರಗಳು ಒಂದರ ಹಿಂದೊಂದು ತಾವಾಗಿಯೇ ಹೊಳೆದವು. "ಎತ್ತರದ ದನಿಯಲ್ಲಿ ಮಾತಾಡಿದವರೇ ಅಲ್ಲವಂತೆ. ತಟ್ಟೆಗೆ ಹಾಕಿದ್ದನ್ನ ಕೊರತೆ ಹೇಳದೆ ಊಟ ಮಾಡ್ತಿದ್ರಂತೆ. ಮನೆಗೆ ತಡವಾಗಿ ಬಂದವರನ್ನ ಎಲ್ಲಿಗೆ ಹೋಗಿದ್ದೆ ಅಂತ ಒಂದು ಮಾತು ಕೇಳ್ತಿರಲಿಲ್ಲವಂತೆ."

ಅತ್ತೆ ಎದ್ದು ಹೋಗಿ ರಿಜಿಸ್ಟರು ತಂದರು. ಮೊದಲ ಪುಟದಲ್ಲಿ ದಾಖಲಾತಿ ನಂಬರು ಒಂದು ಎಂದು ಬರೆದರು. ಹೆಸರು: ಗುಟ್ಟಾಗಿಡಲಾಗಿದೆ. ನಡತೆ: ಉತ್ತಮ. ಅಭ್ಯಾಸಗಳು ಎಂಬಲ್ಲಿ ಮೂರು ಸಾಲು. ಆಮೇಲೆ ಕೊನೆಯ ಕಾಲಂ ಮೇಲೆ ಬೆರಳಿಟ್ಟು ಪುಸ್ತಕವನ್ನು ಸೊಸೆಯತ್ತ ತಿರುಗಿಸಿದರು.

"ಸ್ಥಳೀಯ ಪೋಷಕರು. ನೀನು ತಾನೇ ಕರ್ಕೊಂಡು ಬರ್ತಿರೋದು? ಸಹಿ ಹಾಕು."

ಕಾರ್ಖಾನೆಯಲ್ಲಿ ದಿನಕ್ಕೆ ಐವತ್ತು ಸಹಿ ಹಾಕುವವಳು ಅಂದು ಐವತ್ತೊಂದನೆಯದನ್ನೂ ಹಾಕಿದಳು. ಐದು ನಿಮಿಷದಲ್ಲಿ ಅತ್ತೆ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ, "ಹ್ಞೂಂ, ಒಳಗೆ ಕಳಿಸು," ಎಂದರು.

ಸಕ್ಕರೆ ಇಳಿಯಿತು. ಮೂರು ವಾರದಲ್ಲಿ ಬೆರಳಿನ ಕಪ್ಪು ನಿಂತಿತು. ಅಷ್ಟಕ್ಕೆ ಸೊಸೆ ಸಂತೋಷಪಟ್ಟು ಸುಮ್ಮನಿರಬೇಕಿತ್ತು. ಆದರೆ ಇನ್ನೊಂದು ಪವಾಡವೂ ನಡೆಯುತ್ತಿತ್ತಲ್ಲ! ಒಂದು ದಿನ ಆಕೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅತ್ತೆ ಮೊದಲ ತುತ್ತು ಬಾಯಿಗಿಟ್ಟರು, ಹುಬ್ಬು ಮೇಲೇರಿತು, ಬಾಯಿ ಅರ್ಧ ತೆರೆಯಿತು, ಮತ್ತೆ ಮುಚ್ಚಿಕೊಂಡಿತು. "ಏನು ಮಾಡೋದು, ಆಯಮ್ಮನ ಗುಣ," ಎಂದು ನಿಟ್ಟುಸಿರಿಟ್ಟು ತಟ್ಟೆ ಖಾಲಿ ಮಾಡಿದರು. ಉಪ್ಪಿಲ್ಲದ ಊಟವನ್ನು ಸದ್ದಿಲ್ಲದೆ ನುಂಗಿದ ಅಮ್ಮನನ್ನು ನೋಡಿ ಮಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಸೊಸೆಗೆ ರುಚಿ ಹತ್ತಿತು. ಕಾರ್ಖಾನೆಯಿಂದ ವಾರಕ್ಕೊಂದು ಹೊಸ ಗುಣ ಹೊತ್ತು ಬರತೊಡಗಿದಳು. ದಾನಿಯ ಮನೆಯಲ್ಲಿ ಭಾನುವಾರ ಸೊಸೆಯನ್ನು ಒಂಬತ್ತರವರೆಗೆ ಎಬ್ಬಿಸುತ್ತಿರಲಿಲ್ಲವಂತೆ. ಕಪಾಟು ಜೋಡಿಸಿದ್ದನ್ನು ಮತ್ತೆ ಜೋಡಿಸುತ್ತಿರಲಿಲ್ಲವಂತೆ. ತನ್ನ ಕಾಲದ ಹುಡುಗಿಯರ ಶಿಸ್ತಿನ ಕಥೆ ಹೇಳುತ್ತಿರಲಿಲ್ಲವಂತೆ. ಅತ್ತೆ ಎಲ್ಲವನ್ನೂ ತಾರೀಖು ಹಾಕಿ ಬರೆದುಕೊಂಡರು, ಬರೆದದ್ದನ್ನು ಪಾಲಿಸಿದರು. ಅತಿಯಾಸೆ ಗತಿಗೇಡು ಎಂಬ ಮಾತು ಸೊಸೆಗೂ ಗೊತ್ತಿತ್ತು, ಆದರೆ ಭಾನುವಾರದ ನಿದ್ದೆಯ ಮುಂದೆ ಗಾದೆ ಯಾವ ಲೆಕ್ಕ?

ಮೂರನೇ ತಿಂಗಳಲ್ಲಿ ಒಂದು ದಿನ ಟ್ಯಾಂಕಿನ ಹಬೆ ಕೊಳವೆಯ ತಿರುಪು ತಿರುಗಿಸುವಾಗ ಸೊಸೆಯ ಮಣಿಕಟ್ಟಿಗೆ ಹಬೆ ಹೊಡೆಯಿತು. ಕಂಪನಿಯ ನರ್ಸು ಮುಲಾಮು ಹಚ್ಚಿ ಬಿಳಿ ಪಟ್ಟಿ ಸುತ್ತಿದಳು. ಎರಡು ಗಂಟೆ ತಡವಾಗಿ ಮನೆಗೆ ಬಂದಾಗ ಬಾಗಿಲಲ್ಲೇ ಅತ್ತೆ. ಅವರ ಕಣ್ಣು ಪಟ್ಟಿಯ ಮೇಲೆ ಬಿತ್ತು. ತುಟಿ ಅಲುಗಿತು. ಸೊಸೆ ಕಾದಳು. ಹಿಂದಿನ ಅತ್ತೆಯಾಗಿದ್ದರೆ ಇಷ್ಟು ಹೊತ್ತಿಗೆ ನಲವತ್ತು ಪ್ರಶ್ನೆ ಬಂದಿರುತ್ತಿತ್ತು: ಎಲ್ಲಿ, ಹೇಗೆ, ಕಣ್ಣೆಲ್ಲಿಟ್ಟಿದ್ದೆ, ಯಾರ ತಪ್ಪು, ಅವನ ಮೇಲಿನವನು ಯಾರು, ನಾಳೆ ನಾನೇ ಬರ್ತೀನಿ ನಡಿ.

"ಊಟಕ್ಕೆ ಬಾ," ಎಂದರು ಅತ್ತೆ, ಅಷ್ಟೇ. ಒಳಗೆ ಹೋಗುತ್ತ ತಮಗೆ ತಾವೇ ಅಂದುಕೊಂಡರು: "ಕೇಳಬಾರದಂತೆ."

ಅಂದು ಸೊಸೆ ಪಟ್ಟಿ ಕಟ್ಟಿದ ಕೈಯನ್ನು ಊಟದ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ, ಬೇಕೆಂದೇ ಚಾಚಿ ಕೂತಳು. ಗಂಡ ಕೇಳಿದ. ಗಂಡ ಕೇಳಿದ್ದು ಆಕೆಗೆ ಸಾಲಲಿಲ್ಲ. ಆ ನಲವತ್ತು ಪ್ರಶ್ನೆಗಳು ಬೇಕೆನ್ನಿಸಿತು, ಅಳು ಬಂತು, ತನ್ನ ಮೇಲೇ ಸಿಟ್ಟೂ ಬಂತು. ಮಾಡಿದ್ದುಣ್ಣೋ ಮಹರಾಯ. ಆಡಿದ್ದನ್ನು ವಾಪಸು ಪಡೆಯೋಣವೆಂದರೆ ಸುಳ್ಳು ಬಯಲಾಗುತ್ತದೆ, ಸುಳ್ಳು ಬಯಲಾದರೆ ಇನ್ಸುಲಿನ್ ನಿಲ್ಲುತ್ತದೆ. ಗಾಯ ಇನ್ನೂ ಪೂರ್ತಿ ಕೂಡಿಲ್ಲ, ಇನ್ನೆರಡು ತಿಂಗಳು ಒಂದು ಹೊತ್ತೂ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಬಿಸಿ ತುಪ್ಪದ ಹಾಗಾಯಿತು ಬಾಳು, ನುಂಗಲೂ ಆಗದು ಉಗುಳಲೂ ಆಗದು.

ಅಷ್ಟರಲ್ಲಿ ಕಾರ್ಖಾನೆಯಲ್ಲಿ ಕುಟುಂಬದ ದಿನ ಬಂತು. ವರ್ಷಕ್ಕೊಮ್ಮೆ ಮನೆಯವರನ್ನು ಕರೆದು ಗಾಜಿನ ಗೋಡೆಯ ಆಚೆಯಿಂದ ಟ್ಯಾಂಕುಗಳನ್ನು ತೋರಿಸುತ್ತಾರೆ. ಸೊಸೆ ಆ ಸುತ್ತೋಲೆಯನ್ನು ಚೀಲದ ತಳದಲ್ಲಿ ಬಚ್ಚಿಟ್ಟಿದ್ದಳು. ಹೆಣ್ಣುಮಕ್ಕಳ ಚೀಲದ ತಳದಲ್ಲಿ ಏನಿರುತ್ತದೆ ಎಂದು ಮೂವತ್ತೆರಡು ವರ್ಷ ನೋಡಿದವರಿಗೆ ಅದು ಯಾವ ದೊಡ್ಡ ಬಚ್ಚಿಡುವಿಕೆ? ಅತ್ತೆ ಅಷ್ಟರಲ್ಲಾಗಲೇ ಬೂದು ಬಣ್ಣದ ಉಣ್ಣೆಯಲ್ಲಿ ಒಂದು ಜೊತೆ ಕಾಲುಚೀಲ ಹೆಣೆದು ಮುಗಿಸಿದ್ದರು.

"ಆಯಮ್ಮನಿಗೆ. ನನ್ನ ಕಾಲು ಉಳಿಸಿದವರ ಕಾಲು ಬೆಚ್ಚಗಿರಬೇಡವಾ? ಹೆಸರು ಗುಟ್ಟಾದ್ರೆ ಗುಟ್ಟಾಗೇ ಇರಲಿ, ಕೈಗೆ ಕೊಟ್ಟು ಬರ್ತೀನಿ."

ಸೊಸೆ ಪ್ಯಾಕಿಂಗ್ ವಿಭಾಗದ ವಯಸ್ಸಾದ ಗೆಳತಿಯ ಕಾಲು ಹಿಡಿದಳು: ಒಂದರ್ಧ ಗಂಟೆ ದಾನಿಯಾಗು ಅಂತ. ಗೆಳತಿ ಗುಣಗಳ ಪಟ್ಟಿಯನ್ನು ಪೂರ್ತಿ ಕೇಳಿ ಬಿದ್ದು ಬಿದ್ದು ನಕ್ಕಳು. "ಇಷ್ಟು ಒಳ್ಳೆ ಹೆಂಗಸಿನ ಪಾತ್ರ ನನ್ನ ಕೈಲಿ ಆಗಲ್ಲ ಕಣೇ. ನಮ್ಮ ಸೊಸೆಗೆ ಗೊತ್ತಾದ್ರೆ ಮನೇಲೂ ಹಾಗೇ ಇರಿ ಅಂತಾಳೆ."

ಆ ದಿನ ಅತ್ತೆ ಕೈಚೀಲದಲ್ಲಿ ಕಾಲುಚೀಲ, ಕಂಕುಳಲ್ಲಿ ರಿಜಿಸ್ಟರು ಇಟ್ಟುಕೊಂಡು ಗಾಜಿನ ಓಣಿಯಲ್ಲಿ ನಡೆದರು. ಮನೆಯವರಿಗೆ ವಿವರಿಸುವ ಕೆಲಸ ಗುಣಮಟ್ಟ ವಿಭಾಗದ ಮುಖ್ಯಸ್ಥರದು. ಅವರಿಗೆ ಕಾರ್ಖಾನೆಯಲ್ಲಿ ಪುರಾವೆ ಎಂದು ಅಡ್ಡಹೆಸರು. ಬರೆಯದೇ ಇದ್ದದ್ದು ನಡೆದೇ ಇಲ್ಲ ಎನ್ನುವ ಆಸಾಮಿ. ಸುಳ್ಳು ಹೇಳುವುದಿರಲಿ, ಮಳೆ ಬರುವ ಹಾಗಿದೆ ಎಂದೂ ಹೇಳುವವರಲ್ಲ, ಬಂದ ಮೇಲೆ ಸಮಯ ಹೇಳುತ್ತಾರೆ. ಅವರನ್ನು ಕಂಡದ್ದೇ ಸೊಸೆ ಅತ್ತೆಯ ಕೈಚೀಲದ ಪಕ್ಕಕ್ಕೆ ಸರಿದು ನಿಂತಳು.

ಮೊದಲಿಗೆ ಅತ್ತೆಯ ಕಣ್ಣು ಬಿದ್ದದ್ದು ಗಾಜಿನ ಪೆಟ್ಟಿಗೆಯಲ್ಲಿ ಮಾದರಿಗೆಂದು ಇಟ್ಟಿದ್ದ ದಾಖಲೆಯ ಹಾಳೆಯ ಮೇಲೆ. "ಇಲ್ಲಿ ತಪ್ಪು ಬರೆದು ಹೊಡೆದುಹಾಕಿದಾರೆ. ಆದ್ರೂ ಓದೋಕೆ ಬರುತ್ತೆ?"

"ಓದೋಕೆ ಬರಲೇಬೇಕು ತಾಯಿ," ಎಂದರು ಪುರಾವೆ. "ನಮ್ಮಲ್ಲಿ ತಪ್ಪನ್ನ ಅಳಿಸೋ ಹಾಗಿಲ್ಲ, ಮಸಿ ಬಳಿಯೋ ಹಾಗಿಲ್ಲ. ಒಂದೇ ಒಂದು ಗೆರೆ ಎಳೀಬೇಕು. ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ, ತಾರೀಖು. ಏನು ತಪ್ಪಾಗಿತ್ತು ಅನ್ನೋದೂ ದಾಖಲೆಯೇ."

"ನೀವು ಹಾಸ್ಟೆಲಿನಲ್ಲಿ ಇರಬೇಕಿತ್ತು," ಎಂದರು ಅತ್ತೆ. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಆಮೇಲೆ ಕೈಚೀಲ ತೆರೆದರು. "ಅತ್ತೆ, ಅಲ್ಲಿ ನೊರೆ ನೋಡಿ, ಎಷ್ಟು ಚೆನ್ನಾಗಿ..." ಎಂದು ಸೊಸೆ ತೋಳು ಹಿಡಿದೆಳೆದಳು. ತೋಳು ಬರಲಿಲ್ಲ. "ಈ ಇನ್ಸುಲಿನ್ನಿಗೆ ಜೀನ್ ಕೊಟ್ಟ ಹೆಂಗಸನ್ನ ನೋಡಬೇಕಿತ್ತು. ಎಲ್ಲಿದಾರೆ?"

ಪುರಾವೆ ಒಂದು ಕ್ಷಣ ಯೋಚಿಸಿದರು, ಏಕೆಂದರೆ ಅವರು ಯಾವ ಪ್ರಶ್ನೆಯನ್ನೂ ಹಗುರವಾಗಿ ತೆಗೆದುಕೊಳ್ಳುವವರಲ್ಲ. "ಅಂಥವರು ಯಾರೂ ಇಲ್ಲ ತಾಯಿ. ಯಾರ ಮೈಯಿಂದಲೂ ತೆಗೆದದ್ದಲ್ಲ. ಇನ್ಸುಲಿನ್ನಿನ ಪಾಠ ಮನುಷ್ಯರಿಗೆಲ್ಲ ಒಂದೇ. ಆ ಪಾಠಾನ ಯಂತ್ರದಲ್ಲಿ ಅಕ್ಷರ ಅಕ್ಷರ ಜೋಡಿಸಿ ಬರೆದು ಬ್ಯಾಕ್ಟೀರಿಯಾದೊಳಗೆ ಇಟ್ಟದ್ದು. ನಿಮ್ಮ ಮೈ ಮೊದಲು ತಾನಾಗಿ ಮಾಡ್ಕೊಳ್ತಿತ್ತಲ್ಲ, ಅದೂ ಇದೇ. ನನ್ನದೂ ಇದೇ, ನಿಮ್ಮ ಸೊಸೆಯದೂ ಇದೇ."

"ಮತ್ತೆ ಅದರ ಜೊತೆ ಗುಣ, ಸ್ವಭಾವ..."

"ಸಕ್ಕರೆ ಇಳಿಸೋದು ಬಿಟ್ಟು ಅದಕ್ಕೆ ಬೇರೆ ಸ್ವಭಾವ ಇಲ್ಲ. ಇದ್ದಿದ್ರೆ ದಾಖಲೆ ಇರ್ತಿತ್ತು."

ಅತ್ತೆ ಕಾಲುಚೀಲವನ್ನು ಮಡಿಸಿ ವಾಪಸು ಚೀಲಕ್ಕೆ ಹಾಕಿದರು. ಮನೆಗೆ ಬಂದು ರಿಜಿಸ್ಟರಿನೊಂದಿಗೆ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಸಂಜೆ ಊಟಕ್ಕೆ ಮುಂಚಿನ ಇನ್ಸುಲಿನ್‌ಗೆ ಬಾಗಿಲು ತೆರೆಯಲಿಲ್ಲ. ಊಟಕ್ಕೂ ತೆರೆಯಲಿಲ್ಲ. ಮಗ ಒರೆಸಿ ಒರೆಸಿ ಕನ್ನಡಕದ ಕಡ್ಡಿ ಮುರಿದ.

ಸೊಸೆ ಬೆಳಕು ಹರಿಯುತ್ತಲೇ ಇನ್ಸುಲಿನ್ ಪೆನ್ನು ಹಿಡಿದು ಬಾಗಿಲ ಮುಂದೆ ನಿಂತಳು. ಕಣ್ಣಮುಂದೆ ಆ ಪಾದ ಬಿಟ್ಟರೆ ಬೇರೇನೂ ಇರಲಿಲ್ಲ.

"ಅತ್ತೆ, ತಪ್ಪು ನನ್ನದು. ದಾನಿ ಗೀನಿ ಎಲ್ಲ ಸುಳ್ಳು. ಬೆರಳು ಕಪ್ಪಾಗಿದ್ದು ನೋಡಿ ಹೆದರಿ ಹೇಳ್ದೆ. ಆಮೇಲೆ ಹೇಳಿದ್ದು ಮಾತ್ರ ಹೆದರಿ ಅಲ್ಲ, ಆಸೆಗೆ. ಭಾನುವಾರದ್ದು ಶುದ್ಧ ಆಸೆಗೆ. ನೀವು ಏನು ಬೇಕಾದ್ರೂ ಅನ್ನಿ, ದಿನಾ ಅನ್ನಿ. ಇದೊಂದು ಚುಚ್ಚಿಸ್ಕೊಳ್ಳಿ."

ಬಾಗಿಲು ತೆರೆಯಿತು. ಸೊಸೆಗೆ ಮೊದಲು ಕಂಡದ್ದು ಅತ್ತೆಯ ಕಾಲು. ಬೂದು ಬಣ್ಣದ ಉಣ್ಣೆಯ ಕಾಲುಚೀಲ ತೊಟ್ಟು ನಿಂತಿದ್ದರು.

"ಒಂದು ಪ್ರಶ್ನೆಗೆ ಉತ್ತರ ಹೇಳು," ಎಂದರು ವಾರ್ಡನ್ ದನಿಯಲ್ಲಿ. ನಾಲ್ಕು ತಿಂಗಳ ಮೇಲೆ ಆ ದನಿ ಕೇಳಿ ಅಡುಗೆಮನೆಯ ಪಾತ್ರೆಗಳೂ ನೆಟ್ಟಗೆ ಕೂತಿರಬೇಕು. "ಆಯಮ್ಮ ಇರಲೇ ಇಲ್ಲ. ಔಷಧಕ್ಕೆ ಗುಣವೇ ಇಲ್ಲ. ಹಾಗಾದ್ರೆ ನಾಲ್ಕು ತಿಂಗಳು ಈ ಮನೇಲಿ ಬಾಯಿ ಮುಚ್ಕೊಂಡಿದ್ದವರು ಯಾರು?"

"ನೀವೇ ಅತ್ತೆ."

"ಉಪ್ಪಿಲ್ಲದ್ದನ್ನ ಉಂಡವರು?"

"ನೀವೇ."

"ಆ ಕಪಾಟಿನ ಅವತಾರ ದಿನಾ ನೋಡಿ ನೋಡಿ ಕೈ ಕಟ್ಕೊಂಡು ಕೂತಿದ್ದವರು?"

"ಅದೂ ನೀವೇ."

"ಯಾರ ಸಹಾಯವೂ ಇಲ್ಲದೆ!" ಎಂದರು ಅತ್ತೆ. ಅವರ ಮುಖದಲ್ಲಿ ಸಿಟ್ಟನ್ನು ಹುಡುಕಿದ ಸೊಸೆಗೆ ಸಿಕ್ಕಿದ್ದು ಅಚ್ಚರಿ, ಅದರ ಹಿಂದೆ ಅಡಗಿಸಿದರೂ ಅಡಗದ ಹೆಮ್ಮೆ. "ಇಷ್ಟು ಒಳ್ಳೆಯವಳು ನಾನು ಅಂತ ನನಗೇ ಗೊತ್ತಿರಲಿಲ್ಲ ನೋಡು. ಬಾ ಇಲ್ಲಿ."

ಮೇಜಿನ ಮೇಲೆ ರಿಜಿಸ್ಟರು ತೆರೆದಿತ್ತು. 'ಹೆಸರು: ಗುಟ್ಟಾಗಿಡಲಾಗಿದೆ' ಎಂಬುದರ ಮೇಲೆ ಸ್ಕೇಲಿಟ್ಟು ಎಳೆದ ಒಂದೇ ಒಂದು ಗೆರೆ. ಪಕ್ಕದಲ್ಲಿ 'ನಾನೇ' ಎಂದು ಬರೆದು ಸಹಿ, ನಿನ್ನೆಯ ತಾರೀಖು. ಭಾನುವಾರದ ನಿದ್ದೆಯ ಸಾಲಿನ ಮೇಲೂ ಗೆರೆ ಬಿದ್ದು, ಒಂಬತ್ತು ಇದ್ದದ್ದು ಎಂಟಾಗಿತ್ತು. 'ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದಿಲ್ಲ' ಎಂಬುದಕ್ಕೆ ಗೆರೆ ತುಸು ಜೋರಾಗಿಯೇ ಬಿದ್ದಿತ್ತು. ಸೊಸೆಯ ಕಣ್ಣು ಕೊನೆಯ ಕಾಲಮ್ಮಿಗೆ ಇಳಿಯಿತು. ಸ್ಥಳೀಯ ಪೋಷಕರು ಎಂಬಲ್ಲಿ ಅವಳ ಸಹಿ ಇದ್ದ ಹಾಗೇ ಇತ್ತು.

"ಇದಕ್ಕೆ ಗೆರೆ ಎಳೆದಿಲ್ಲ ಅತ್ತೆ."

"ತಪ್ಪಿದ್ರೆ ತಾನೇ ಎಳೆಯೋದು?" ಎಂದು ಅತ್ತೆ ಕುರ್ಚಿ ಎಳೆದು ಕೂತು ಹೊಟ್ಟೆಯ ಮೇಲಿನ ಬಟ್ಟೆ ಸರಿಸಿದರು. "ಬೇಗ ಚುಚ್ಚು, ಹಸಿವಾಗ್ತಿದೆ. ಆಮೇಲೆ ಎದುರಿಗೆ ಕೂತ್ಕೋ. ಆ ಕೈ ಹೇಗೆ ಸುಟ್ಕೊಂಡೆ, ಕಣ್ಣೆಲ್ಲಿಟ್ಟಿದ್ದೆ, ಪಕ್ಕದಲ್ಲಿ ಯಾರಿದ್ರು, ಎಲ್ಲ ಹೇಳು. ಮೊದಲಿಂದ ಹೇಳಬೇಕು."

ಸೊಸೆ ಚುಚ್ಚಿದಳು, ಎದುರಿಗೆ ಕೂತಳು, ಕಣ್ಣೊರೆಸಿಕೊಂಡಳು. ಆಮೇಲೆ ಮೊದಲಿಂದ ಹೇಳಿದಳು, ಏನನ್ನೂ ಬಿಡದೆ.